ಹೊಲದ ದಾರಿಗೆ ಟ್ರ್ಯಾಕ್ಟರ್‌ನಲ್ಲಿ ಗ್ರಾವೆಲ್ ಹಾಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಲ, ತೋಟದ ದಾರಿ ಬಗ್ಗೆ ಜನ ಕೇಳುವ ಪ್ರಶ್ನೆಗಳು ವರ್ಷಾ ವರ್ಷ ಹೆಚ್ಚುಕಮ್ಮಿ ಅವೇ. ಸಂತೆಯಲ್ಲಿ, ಫೋನಿನಲ್ಲಿ, ಪತ್ರಗಳಲ್ಲಿ ಬಂದವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ನಾನು ಹೇಳುತ್ತಿರುವುದು ಸುಮಾರು 10 ಅಡಿ ಅಗಲದ, ಟ್ರ್ಯಾಕ್ಟರ್, ಬೈಕು, ಗೂಡ್ಸ್ ಆಟೋ ಓಡಾಡುವ ದಾರಿಯ ಮಾತು. ಬಸ್ಸು, ಲಾರಿ ದಿನಾ ಓಡುವ ರಸ್ತೆಯ ಲೆಕ್ಕ ಬೇರೆ. ಗ್ರಾವೆಲ್, ಗರಸು, ಮೊರಂ ಅಂತ ಕಡೆಗೊಂದು ಹೆಸರಿದೆ. ನೀವು ಯಾವುದನ್ನು ಕರೆಯುತ್ತೀರೋ ಅದೇ ಅಂದುಕೊಳ್ಳಿ.

## ಶುರು ಮಾಡುವ ಮೊದಲು

ದಾರಿಯಲ್ಲಿ ಮೊಣಕಾಲುದ್ದ ಗಾಲಿ ಜಾಡು ಬಿದ್ದಿದೆ. ಅದಕ್ಕೇ ಗ್ರಾವೆಲ್ ಸುರಿದು ಮುಚ್ಚಿಬಿಟ್ಟರೆ ಆಯ್ತಲ್ವಾ?

ನೋಡೋಕೆ ಆಯ್ತು ಅನ್ನಿಸುತ್ತದೆ, ಒಂದು ಮಳೆಗಾಲದವರೆಗೆ. ಜಾಡಿನ ತಳ ಮತ್ತು ಎರಡೂ ಗೋಡೆ ಚಕ್ರ ತುಳಿದು ತುಳಿದು ಗಟ್ಟಿಯಾಗಿರುತ್ತವೆ. ಅಂದರೆ ನಿಮ್ಮ ದಾರಿಯಲ್ಲಿ ಎರಡು ಉದ್ದನೆ ತೊಟ್ಟಿಗಳಿವೆ. ಅದರೊಳಗೆ ಗ್ರಾವೆಲ್ ತುಂಬಿದರೆ ಮಳೆ ನೀರು ಕಲ್ಲುಗಳ ಸಂದಿಯಲ್ಲಿ ಇಳಿಯುತ್ತದೆ, ಹೊರಗೆ ಹೋಗಲು ಜಾಗ ಇರುವುದಿಲ್ಲ. ತಳ ನೆನೆದು ಮೆತ್ತಗಾಗುತ್ತದೆ. ಮೇಲೆ ಲೋಡು ಟ್ರೈಲರ್ ಹೋದಾಗ ಕಲ್ಲು ಕೆಸರಿಗೆ ಇಳಿಯುತ್ತದೆ, ಕೆಸರು ಮೇಲೆ ಬರುತ್ತದೆ. ಮುಂದಿನ ವರ್ಷ ಜಾಡು ಅದೇ ಜಾಗದಲ್ಲಿ, ನಿಮ್ಮ ದುಡ್ಡು ಅದರ ಕೆಳಗೆ.

ಮೊದಲು ತೊಟ್ಟಿ ಒಡೆಯಬೇಕು. ನಡುವಿನ ದಿಬ್ಬವನ್ನೂ ಜಾಡಿನ ತಳವನ್ನೂ ಕೆದರಿ, ಒಂದೇ ಮಟ್ಟಕ್ಕೆ ತಂದು, ಅದುಮಿ, ಆಮೇಲೆ ಗ್ರಾವೆಲ್. ಅವಸರಕ್ಕೆ ಒಂದೆರಡು ಗುಂಡಿ ಮುಚ್ಚಲೇಬೇಕು ಅಂದರೆ, ಗುಂಡಿಯಿಂದ ದಾರಿ ಪಕ್ಕಕ್ಕೆ ಒಂದು ಸಣ್ಣ ಕಾಲುವೆ ಕಡಿದು ನೀರು ಬಸಿದು ಹೋಗುವ ಹಾಗೆ ಮಾಡಿ ಮುಚ್ಚಿ.

ಕೆದರೋದಕ್ಕೆ ಏನು ಬಳಸಬೇಕು? ರೋಟವೇಟರ್ ಹೊಡೆಸಿದರೆ ನುಣ್ಣಗಾಗುತ್ತೆ ಅಂತಾರೆ.

ರೋಟವೇಟರ್ ಬೇಡ. ಕಲ್ಲಿಗೆ ಬ್ಲೇಡು ಹೋಗುತ್ತವೆ, ಮಣ್ಣು ಹಿಟ್ಟಾಗುತ್ತದೆ. ಒಂಬತ್ತು ಹಲ್ಲಿನ ಕಲ್ಟಿವೇಟರ್ ಸಾಕು. ದಾರಿ ಕಲ್ಲಿನ ಹಾಗೆ ಒಣಗಿದ್ದರೆ ಹಲ್ಲು ಮೇಲೇ ಜಾರುತ್ತದೆ. ಹಿಂದಿನ ದಿನ ಟ್ಯಾಂಕರ್‌ನಲ್ಲಿ ನೀರು ಚಿಮುಕಿಸಿ. ಜಾಡಿನ ತಳ ಮುಟ್ಟುವವರೆಗೆ ಕೆದರಬೇಕು. ಮೇಲಿನ ನಾಲ್ಕು ಬೆರಳು ಕೆದರಿ ಬಿಟ್ಟರೆ ಏನೂ ಮಾಡಿದ ಹಾಗಲ್ಲ.

ಕೆದರಿದ ಮೇಲೆ ಟ್ರ್ಯಾಕ್ಟರ್ ಹಿಂದೆ ಮಣ್ಣು ಸವರುವ ಅಗಲದ ಬ್ಲೇಡ್ ಕಟ್ಟಿ ದಿಬ್ಬದ ಮಣ್ಣನ್ನು ಜಾಡಿಗೆ ಎಳೆಯಿರಿ. ಅದೇ ಸಮಯಕ್ಕೆ ದಾರಿಯ ಎರಡೂ ಅಂಚು ನೋಡಿ. ಹಳೇ ದಾರಿಗಳಲ್ಲಿ ಅಂಚಿನ ಹುಲ್ಲು ವರ್ಷಗಟ್ಟಲೆ ಮಣ್ಣು ಹಿಡಿದು ಏರಿರುತ್ತದೆ, ದಾರಿಯೇ ಕಾಲುವೆ ಆಗಿರುತ್ತದೆ. ಆ ಏರನ್ನು ಕಡಿಯದೆ ಎಷ್ಟು ಲೋಡು ಹಾಕಿದರೂ ನೀರು ದಾರಿಯ ಮೇಲೇ ಹರಿಯುತ್ತದೆ. ಕಡಿದ ಹುಲ್ಲು, ಬೇರು, ಕಪ್ಪು ಮಣ್ಣನ್ನು ದಾರಿಗೆ ಬೆರೆಸಬೇಡಿ, ಹೊಲಕ್ಕೆ ಹಾಕಿ.

ಯಾವ ತಿಂಗಳಲ್ಲಿ ಹಾಕಿಸೋದು ಒಳ್ಳೆಯದು?

ಮಳೆ ನಿಂತು ನೆಲದಲ್ಲಿ ಇನ್ನೂ ಸ್ವಲ್ಪ ಪಸೆ ಇರುವಾಗ. ಬಯಲು ಸೀಮೆಯಲ್ಲಿ ನವೆಂಬರ್, ಡಿಸೆಂಬರ್. ಮಲೆನಾಡಿನಲ್ಲಿ ಡಿಸೆಂಬರ್‌ನಿಂದ ಫೆಬ್ರವರಿ. ಬಹಳ ಜನ ಮೇ ಕೊನೆಯಲ್ಲಿ, ಮೋಡ ಕಂಡ ಮೇಲೆ ಓಡಾಡುತ್ತಾರೆ. ಆಗ ಹಾಕಿದ ಗ್ರಾವೆಲ್‌ಗೆ ಕೂರಲು ಸಮಯ ಸಿಗುವುದಿಲ್ಲ, ಜೂನ್ ಮಳೆಗೆ ಅರ್ಧ ಹಳ್ಳ ಸೇರುತ್ತದೆ. ಕಬ್ಬು ಬೆಳೆಯುವವರು ಕಟಾವಿನ ಮೊದಲು ಹಾಕಬೇಕೋ ಆಮೇಲೋ ಅಂತ ಕೇಳುತ್ತಾರೆ. ನೆಲ ಕೆಸರಾಗಿದ್ದರೆ ಕಟಾವು ಮುಗಿಯಲಿ. ಎರಡೆರಡು ಟ್ರೈಲರ್ ಕಬ್ಬು ಹೇರಿ ಎಳೆಯುವ ಟ್ರ್ಯಾಕ್ಟರ್ ಮುಂದೆ ಹೊಸ ಗ್ರಾವೆಲ್ ನಿಲ್ಲುವುದಿಲ್ಲ.

ನಮ್ಮ ದಾರಿಗೆ ಎಷ್ಟು ಲೋಡು ಬೇಕು ಅಂತ ಲೆಕ್ಕ ಹಾಕೋದು ಹೇಗೆ?

ಉದ್ದ, ಅಗಲ, ದಪ್ಪ ಗುಣಿಸಿ. 100 ಮೀಟರ್ ಉದ್ದ, 3 ಮೀಟರ್ ಅಗಲ, ಅದುಮಿದ ಮೇಲೆ 10 ಸೆಂಟಿಮೀಟರ್ ದಪ್ಪ ಬೇಕು ಅಂದರೆ 30 ಘನ ಮೀಟರ್. ಆದರೆ ಟ್ರೈಲರ್‌ನಲ್ಲಿ ಬರುವುದು ಸಡಿಲ ಮಾಲು. ಅದುಮಿದಾಗ ಸುಮಾರು ಕಾಲು ಭಾಗ ಕುಗ್ಗುತ್ತದೆ. ಹಾಗಾಗಿ ತರಿಸಬೇಕಾದ್ದು 40 ಘನ ಮೀಟರ್. ಒಂದು ಬ್ರಾಸ್ ಅಂದರೆ 100 ಘನ ಅಡಿ, ಅಂದರೆ 2.83 ಘನ ಮೀಟರ್. ಲೆಕ್ಕ 14 ಬ್ರಾಸ್‌ಗೆ ಬಂತು.

ದುಡ್ಡು ಕಮ್ಮಿ ಇದ್ದರೆ ದಪ್ಪ ಕಮ್ಮಿ ಮಾಡಬೇಡಿ, ಉದ್ದ ಕಮ್ಮಿ ಮಾಡಿ. ಕೆಟ್ಟ 50 ಮೀಟರ್ ಸರಿಯಾಗಿ ಮಾಡಿ, ಉಳಿದದ್ದು ಮುಂದಿನ ವರ್ಷ. ಇಡೀ ದಾರಿಗೆ ಎರಡು ಬೆರಳು ದಪ್ಪ ಉದುರಿಸಿದ ಗ್ರಾವೆಲ್ ಒಂದೇ ಮಳೆಗಾಲಕ್ಕೆ ಕಾಣೆಯಾಗುವುದನ್ನು ಜಾಸ್ತಿ ನೋಡಿದ್ದೇನೆ.

ಒಂದು ಟ್ರೈಲರ್ ಅಂದ್ರೆ ಒಂದು ಬ್ರಾಸ್ ಅಂತಾರೆ. ನಂಬಬಹುದಾ?

ಟೇಪು ಹಿಡಿದು ಟ್ರೈಲರ್ ಒಳಗೆ ಅಳೆಯಿರಿ. 10 ಅಡಿ ಉದ್ದ, 6 ಅಡಿ ಅಗಲ ಇದ್ದರೆ ಮಾಲು 20 ಇಂಚು ಎತ್ತರ ಇರಬೇಕು, ಆಗ 100 ಘನ ಅಡಿ. 18 ಇಂಚು ಇದ್ದರೆ 90 ಮಾತ್ರ. ಹತ್ತು ಲೋಡಿಗೆ ಒಂದು ಲೋಡು ಹೋಯಿತು ನೋಡಿ. ಮಾತಾಡುವಾಗಲೇ ಲೋಡಿನ ಲೆಕ್ಕವೋ, ಬ್ರಾಸ್ ಲೆಕ್ಕವೋ, ಟನ್ ಲೆಕ್ಕವೋ ಅಂತ ಖಚಿತ ಮಾಡಿಕೊಂಡರೆ ಆಮೇಲೆ ಜಗಳ ಇಲ್ಲ.

## ಮಾಲು ಯಾವುದು

ಜಲ್ಲಿ ಹಾಕಿಸಲಾ, ಗ್ರಾವೆಲ್ ಹಾಕಿಸಲಾ? ಕ್ರಷರ್ ಡಸ್ಟ್ ಅಗ್ಗ ಅಂತಾರೆ.

ಒಂದೇ ಅಳತೆಯ ಜಲ್ಲಿ, ಉದಾಹರಣೆಗೆ ಬರೀ 40 ಎಂಎಂ, ದಾರಿಯ ಮೇಲೆ ಕಟ್ಟಿಕೊಳ್ಳುವುದಿಲ್ಲ. ಚಕ್ರ ಹೋದ ಹಾಗೆಲ್ಲ ಉರುಳಿ ಪಕ್ಕಕ್ಕೆ ಹೋಗುತ್ತದೆ. ಬೈಕಿನವರು ಬೀಳುತ್ತಾರೆ. ಬರೀ ಕ್ರಷರ್ ಡಸ್ಟ್‌ನಲ್ಲಿ ಅಂಟೇ ಇಲ್ಲ. ಬೇಸಿಗೆಯಲ್ಲಿ ಹಾರುತ್ತದೆ, ಮಳೆಯಲ್ಲಿ ತೊಳೆದು ಹೋಗುತ್ತದೆ. ಹೊಳೆಯ ಗುಂಡುಕಲ್ಲು ಇನ್ನೂ ಕೆಟ್ಟದ್ದು, ಒಂದಕ್ಕೊಂದು ಹಿಡಿಯುವುದೇ ಇಲ್ಲ.

ಬೇಕಾದ್ದು ದೊಡ್ಡದು, ಸಣ್ಣದು, ಪುಡಿ ಎಲ್ಲ ಕಲೆತ ಮಾಲು, ಜೊತೆಗೆ ಸ್ವಲ್ಪ ಜೇಡಿ. ಒಳ್ಳೆಯ ಗ್ರಾವೆಲ್‌ನಲ್ಲಿ ಅದು ತಾನಾಗಿಯೇ ಇರುತ್ತದೆ. ಮೂಲೆ ಚೂಪಾದ ಕಲ್ಲು ಒಂದಕ್ಕೊಂದು ಸಿಕ್ಕಿಕೊಳ್ಳುತ್ತದೆ, ಪುಡಿ ಸಂದಿ ತುಂಬುತ್ತದೆ, ಜೇಡಿ ಹಿಡಿದಿಡುತ್ತದೆ. ಜೇಡಿ ಜಾಸ್ತಿಯಾದರೆ ಮಳೆಯಲ್ಲಿ ಜಾರು, ಕಮ್ಮಿಯಾದರೆ ಬೇಸಿಗೆಯಲ್ಲಿ ಬಿಡಿಬಿಡಿ.

ಪರೀಕ್ಷೆ ಸುಲಭ. ಮಾಲಿನ ಪುಡಿಯನ್ನು ಜರಡಿ ಹಿಡಿದು, ನೀರು ಹಾಕಿ ನಿಂಬೆ ಗಾತ್ರದ ಉಂಡೆ ಮಾಡಿ ಬಿಸಿಲಲ್ಲಿ ಒಣಗಿಸಿ. ಬೆರಳಲ್ಲಿ ಒತ್ತಿದರೆ ಸುಮ್ನೆ ಉದುರಿದರೆ ಅಂಟು ಸಾಲದು. ಎಷ್ಟು ಒತ್ತಿದರೂ ಒಡೆಯದೆ ಇಟ್ಟಿಗೆಯಂತಾದರೆ ಜೇಡಿ ಜಾಸ್ತಿ. ಸ್ವಲ್ಪ ಬಲ ಹಾಕಿದರೆ ಒಡೆಯುವಂಥದ್ದು ಸರಿ. ಗ್ರಾವೆಲ್ ಸಿಗದ ಕಡೆ 20 ಎಂಎಂ, 12 ಎಂಎಂ ಜಲ್ಲಿಗೆ ಡಸ್ಟ್ ಮತ್ತು ಒಂದಿಷ್ಟು ಕೆಂಪು ಮಣ್ಣು ಬೆರೆಸಿ ಇದೇ ಪರೀಕ್ಷೆ ಮಾಡಿ ನೋಡಬಹುದು.

ಹಳೇ ಮನೆ ಕೆಡವಿದ ಇಟ್ಟಿಗೆ ಚೂರು ಬಿಟ್ಟಿ ಸಿಗ್ತಿದೆ. ಹಾಕಬಹುದಾ?

ತಳಕ್ಕೆ ಹಾಕಬಹುದು, ಮೇಲಕ್ಕೆ ಬೇಡ. ಇಟ್ಟಿಗೆ ಚಕ್ರದಡಿ ಪುಡಿಯಾಗುತ್ತದೆ. ಮೊಳೆ, ಕಂಬಿ ತುಂಡು, ಗಾಜು ಆರಿಸಿ ತೆಗೆಯಲೇಬೇಕು. ಟ್ರ್ಯಾಕ್ಟರ್‌ನ ಹಿಂದಿನ ಟೈರ್ ಒಂದು ಹೋದರೆ ಬಿಟ್ಟಿ ಮಾಲು ಬಲು ದುಬಾರಿ.

ನಮ್ಮೂರ ಗುಡ್ಡದಲ್ಲೇ ಒಳ್ಳೇ ಗ್ರಾವೆಲ್ ಇದೆ. ನಾವೇ ಅಗೆದು ತಂದರೆ ಯಾರು ಕೇಳ್ತಾರೆ?

ಕೇಳುತ್ತಾರೆ. ಗ್ರಾವೆಲ್ ಉಪಖನಿಜದ ಲೆಕ್ಕ. ಕರ್ನಾಟಕದಲ್ಲಿ ಇದಕ್ಕೆ 1994ರ ಉಪಖನಿಜ ರಿಯಾಯಿತಿ ನಿಯಮಗಳಿವೆ, ನೋಡಿಕೊಳ್ಳುವುದು ಗಣಿ ಮತ್ತು ಭೂವಿಜ್ಞಾನ ಇಲಾಖೆ. ಸರ್ಕಾರಿ ಗುಡ್ಡ, ಗೋಮಾಳ, ಕೆರೆಯಂಗಳದಿಂದ ಅನುಮತಿ ಇಲ್ಲದೆ ತೆಗೆದರೆ ಟ್ರ್ಯಾಕ್ಟರ್ ಸಮೇತ ಹಿಡಿಯಬಹುದು. ಮಾರುವವರಿಂದ ಕೊಂಡರೆ ಸಾಗಣೆ ಪರ್ಮಿಟ್ ಕೇಳಿ, ಕೆಲಸ ಮುಗಿಯುವವರೆಗೆ ಆ ಚೀಟಿ ಇಟ್ಟುಕೊಳ್ಳಿ.

## ಟ್ರ್ಯಾಕ್ಟರ್ ಕೆಲಸ

ಟ್ರೈಲರ್ ಎತ್ತಿಕೊಂಡೇ ಸುರಿಯುತ್ತಾ ಹೋಗಬಹುದಾ, ರಾಶಿ ಹಾಕಿ ಆಮೇಲೆ ಹರಡಬೇಕಾ?

ಡ್ರೈವರ್ ಪಳಗಿದವನಾಗಿದ್ದರೆ, ದಾರಿ ಮಟ್ಟವಾಗಿದ್ದರೆ ಸುರಿಯುತ್ತಾ ಹೋಗುವುದೇ ವಾಸಿ. ಹರಡುವ ಕೆಲಸ ಅರ್ಧ ಕಮ್ಮಿಯಾಗುತ್ತದೆ. ಹಿಂದಿನ ಡೋರಿಗೆ ಎರಡೂ ಕಡೆ ಸರಪಳಿ ಕಟ್ಟಿ, ಒಂದು ಗೇಣಿನಷ್ಟೇ ತೆರೆಯುವಂತೆ ಬಿಗಿಯಬೇಕು. ದೊಡ್ಡ ಕಲ್ಲಿದ್ದರೆ ಇನ್ನೂ ಸ್ವಲ್ಪ ಜಾಸ್ತಿ, ಇಲ್ಲದಿದ್ದರೆ ಸಿಕ್ಕಿಕೊಳ್ಳುತ್ತದೆ. ಲೋ ಗೇರಿನ ಒಂದರಲ್ಲಿ, ಆಕ್ಸಿಲರೇಟರ್ ಬದಲಿಸದೆ, ನಡೆಯುವ ವೇಗದಲ್ಲಿ ಹೊರಡಿ. ಟ್ರೈಲರ್ ಸ್ವಲ್ಪ ಎತ್ತಿ, ಮಾಲು ಬರುವುದು ಕಮ್ಮಿಯಾದಾಗ ಮತ್ತೆ ಸ್ವಲ್ಪ. ಒಂದೇ ಸಲ ಪೂರ್ತಿ ಎತ್ತಿದರೆ ಎಲ್ಲ ಒಂದೇ ಕಡೆ ಬೀಳುತ್ತದೆ.

ರಾಶಿ ಹಾಕುವುದಾದರೆ ಅಂತರ ಮೊದಲೇ ಗುರುತು ಮಾಡಿ. ಮೇಲೆ ಹೇಳಿದ ಅಳತೆಗೆ ಒಂದು ಬ್ರಾಸ್ ಸುಮಾರು 7 ಮೀಟರ್ ದಾರಿಗೆ ಬರುತ್ತದೆ. 7 ಮೀಟರಿಗೊಂದು ಗೂಟ ನೆಟ್ಟು, ಗೂಟಕ್ಕೊಂದು ಲೋಡು. ಗುರುತು ಇಲ್ಲದೆ ಶುರು ಮಾಡಿದರೆ ಮೊದಲ ಅರ್ಧಕ್ಕೆ ಧಾರಾಳ, ಕೊನೆಯ ಅರ್ಧಕ್ಕೆ ಏನೂ ಇಲ್ಲ. ಇನ್ನೊಂದು ಮಾತು: ದೂರದ ತುದಿಯಿಂದ ರಾಶಿ ಹಾಕುತ್ತಾ ಬನ್ನಿ. ಈ ತುದಿಯಿಂದ ಹಾಕಿದರೆ ಮುಂದಿನ ಲೋಡು ಒಳಗೆ ಹೋಗಲು ದಾರಿ ಇರುವುದಿಲ್ಲ. ಸುರಿದು ಹರಡುತ್ತಾ ಹೋಗುವುದಾದರೆ ಮಾತ್ರ ಈ ತುದಿಯಿಂದ. ಆಗ ಹೊಸ ಗ್ರಾವೆಲ್ ಮೇಲೆ ಲೋಡು ಓಡಾಡಿ ಅದುಮುವ ಕೆಲಸವೂ ಆಗುತ್ತದೆ.

ಬ್ಲೇಡ್ ಎಳೆದರೆ ಒಂದು ಕಡೆ ಕೊರೆಯುತ್ತೆ, ಒಂದು ಕಡೆ ಏಳುತ್ತೆ. ಅಲೆ ಅಲೆ ಆಗ್ತಿದೆ. ಏನು ತಪ್ಪು?

ಮೂರು ಕಾರಣ ಇರಬಹುದು. ಸಾಮಾನ್ಯವಾದದ್ದು ಹೈಡ್ರಾಲಿಕ್ ಲಿವರ್. ಉಳುಮೆಗೆ ಬಳಸುವ ಡ್ರಾಫ್ಟ್ ಕಂಟ್ರೋಲ್‌ನಲ್ಲೇ ಬಿಟ್ಟಿದ್ದರೆ, ಭಾರ ಬಿದ್ದಾಗ ಬ್ಲೇಡ್ ತಾನಾಗಿಯೇ ಏಳುತ್ತದೆ, ಹಗುರಾದಾಗ ಇಳಿಯುತ್ತದೆ. ಬ್ಲೇಡನ್ನು ಒಂದೇ ಎತ್ತರದಲ್ಲಿ ಹಿಡಿದಿಡುವ ಪೊಸಿಷನ್ ಕಂಟ್ರೋಲ್‌ಗೆ ಹಾಕಿ. ಎರಡನೆಯದು ವೇಗ. ಎರಡನೇ ಗೇರಿನಲ್ಲಿ ಓಡಿಸುವ ಹುಮ್ಮಸ್ಸು ಬೇಡ. ಮೂರನೆಯದು, ಹಿಂದಿನ ಚಕ್ರವೇ ಗುಂಡಿಗೆ ಇಳಿದು ಹತ್ತಿದರೆ ಬ್ಲೇಡೂ ಹಾಗೇ ಮಾಡುತ್ತದೆ. ಅದಕ್ಕೇ ತಳ ಮೊದಲು ಮಟ್ಟ ಮಾಡಿ ಅಂದದ್ದು.

ಬ್ಲೇಡನ್ನು ನೇರ ಇಡದೆ ಸ್ವಲ್ಪ ಓರೆ ತಿರುಗಿಸಿ, ಅಂಚಿನಿಂದ ನಡುವಿಗೆ ಮಾಲು ಉರುಳಿ ಬರುವ ಹಾಗೆ ಎಳೆಯಿರಿ. ಆ ಕಡೆಯಿಂದ ಒಂದು ಸುತ್ತು, ಈ ಕಡೆಯಿಂದ ಒಂದು ಸುತ್ತು. ಕೊನೆಯ ಸುತ್ತಿಗೆ ಬ್ಲೇಡನ್ನು ಹಿಂದುಮುಂದು ತಿರುಗಿಸಿ, ಬೆನ್ನಿನ ಕಡೆಯಿಂದ ಹಗುರಾಗಿ ಎಳೆದರೆ ಕೊರೆಯುವುದಿಲ್ಲ, ಸವರುತ್ತದೆ. ಬ್ಲೇಡ್ ಇಲ್ಲದವರು ಹೊಲಕ್ಕೆ ಬಳಸುವ ಹಲಗೆಯನ್ನೇ ಎಳೆಯುತ್ತಾರೆ. ತೆಳು ಪದರಕ್ಕೆ ನಡೆಯುತ್ತದೆ, ರಾಶಿ ಒಡೆಯಲು ಆಗುವುದಿಲ್ಲ.

ಇಷ್ಟೆಲ್ಲ ಯಾಕೆ? ಜೆಸಿಬಿ ಕರೆಸಿದರೆ ಎರಡು ಗಂಟೆ ಕೆಲಸ ಅಲ್ವಾ?

ಅಂಚು ಕಡಿಯಲು, ಚರಂಡಿ ತೆಗೆಯಲು ಜೆಸಿಬಿ ಚೆನ್ನಾಗಿದೆ. ಹರಡಿದ ಮೇಲೆ ನಯ ಮಾಡುವುದಕ್ಕೆ ಬ್ಲೇಡ್ ಕಟ್ಟಿದ ಟ್ರ್ಯಾಕ್ಟರೇ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಬಾಡಿಗೆ ಗಂಟೆ ಲೆಕ್ಕ ಇರುವುದರಿಂದ ಜೆಸಿಬಿಯವರಿಗೂ ಅವಸರ, ನಿಮಗೂ ಅವಸರ.

ರೋಲರ್ ನಮ್ಮ ಕಡೆ ಸಿಗಲ್ಲ. ಟ್ರ್ಯಾಕ್ಟರ್ ಚಕ್ರದಲ್ಲೇ ಅದುಮಿದರೆ ಆಗುತ್ತಾ?

ಆಗುತ್ತದೆ, ತಾಳ್ಮೆ ಬೇಕು. ಲೋಡು ತುಂಬಿದ ಟ್ರೈಲರ್ ಸಮೇತ ಅಂಚಿನಿಂದ ಶುರು ಮಾಡಿ, ಪ್ರತಿ ಸುತ್ತಿಗೆ ಒಂದು ಟೈರಿನ ಅಗಲ ಸರಿದುಕೊಂಡು ನಡುವಿಗೆ ಬನ್ನಿ. ಒಂದೇ ಜಾಡಿನಲ್ಲಿ ಓಡಿಸಿದರೆ ಅದುಮಿದ ಹಾಗಲ್ಲ, ಹೊಸ ಜಾಡು ತೆಗೆದ ಹಾಗೆ. ಹತ್ತು ಸೆಂಟಿಮೀಟರ್ ದಪ್ಪವನ್ನು ಎರಡು ಪದರವಾಗಿ ಹಾಕಿ, ಒಂದೊಂದನ್ನೂ ಬೇರೆ ಬೇರೆ ಅದುಮಿ.

ಪಸೆ ಮುಖ್ಯ. ಗ್ರಾವೆಲ್ ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಸುಕಿ. ಉಂಡೆ ನಿಂತು, ಕೈಗೆ ನೀರು ಬರದಿದ್ದರೆ ಸರಿ. ಉದುರಿದರೆ ನೀರು ಚಿಮುಕಿಸಿ. ನೀರು ಬಂದರೆ ಒಂದು ದಿನ ಬಿಡಿ. ಮುಗಿದ ಮೇಲೆ ಒಂದೆರಡು ವಾರ ಬೈಕು, ಆಟೋದವರಿಗೆಲ್ಲ ಒಂದೇ ಸಾಲಿನಲ್ಲಿ ಹೋಗಬೇಡಿ ಅಂತ ಹೇಳಿ. ಹೇಳಿದರೆ ಕೇಳುವುದಿಲ್ಲ. ಅದಕ್ಕೆ ಒಂದು ಉಪಾಯ: ದಾರಿ ಮೇಲೆ ಅಲ್ಲಲ್ಲಿ ದೂರದಿಂದ ಕಾಣುವ ಬುಟ್ಟಿ ಇಟ್ಟು, ದಿನಾ ಜಾಗ ಬದಲಿಸಿ. ಕತ್ತಲಾಗುವ ಮೊದಲು ಮಾತ್ರ ತೆಗೆಯಲೇಬೇಕು.

ಟ್ರೈಲರ್ ಎತ್ತುವಾಗ ಮಗುಚಿಬಿಡುತ್ತೆ ಅಂತ ಹೆದರಿಕೆ. ಏನು ನೋಡ್ಕೋಬೇಕು?

ಹೆದರಿಕೆ ಇರಲಿ, ಒಳ್ಳೆಯದು. ಒಂದು ಬ್ರಾಸ್ ಗ್ರಾವೆಲ್ ನಾಲ್ಕು ಟನ್‌ಗೂ ಜಾಸ್ತಿ ತೂಗುತ್ತದೆ. ಎತ್ತಿದಾಗ ಆ ಭಾರ ಮೇಲಕ್ಕೆ ಹೋಗುತ್ತದೆ. ಒಂದು ಚಕ್ರ ಗುಂಡಿಯಲ್ಲಿದ್ದರೆ, ಅಥವಾ ದಾರಿ ಒಂದು ಪಕ್ಕಕ್ಕೆ ವಾಲಿದ್ದರೆ ಎತ್ತಲೇಬೇಡಿ. ಹಸಿ ಮಾಲು ಒಂದು ಬದಿಗೆ ಅಂಟಿಕೊಂಡು ಇನ್ನೊಂದು ಬದಿ ಮೊದಲು ಖಾಲಿಯಾದರೂ ಅಪಾಯ. ಆಗ ಇಳಿಸಿ, ಸಲಿಕೆಯಲ್ಲಿ ಕೆರೆಯಬೇಕು. ಮೇಲೆ ಕರೆಂಟ್ ತಂತಿ ಎಲ್ಲಿದೆ ಅಂತ ಮೊದಲೇ ನಡೆದು ನೋಡಿ. ಪಂಪ್‌ಸೆಟ್ಟಿಗೆ ಹೋಗುವ ತಂತಿಗಳು ಜೋತು ಬಿದ್ದಿರುವುದು ಎಲ್ಲರಿಗೂ ಗೊತ್ತು. ಹಿಂದೆ ಯಾರೂ ನಿಲ್ಲಬಾರದು. ಮಡ್‌ಗಾರ್ಡ್ ಮೇಲೆ, ಹುಕ್ಕಿನ ಮೇಲೆ ಹುಡುಗರನ್ನು ಕೂರಿಸಬಾರದು. ಎತ್ತಿದ ಟ್ರೈಲರ್ ಕೆಳಗೆ ಕೈ ಹಾಕುವ ಮೊದಲು ಗಟ್ಟಿ ಮರದ ಆಸರೆ ಕೊಡಬೇಕು, ಬರೀ ಹೈಡ್ರಾಲಿಕ್ ನಂಬಬಾರದು.

## ನೀರು, ಇಳಿಜಾರು, ಎರೆ ಮಣ್ಣು

ದಾರಿ ನಡುವೆ ಎಷ್ಟು ಎತ್ತರ ಬೇಕು?

3 ಮೀಟರ್ ಅಗಲಕ್ಕೆ ನಡು ಭಾಗ ಅಂಚಿಗಿಂತ 6 ಸೆಂಟಿಮೀಟರ್ ಮೇಲಿರಲಿ. ಅಂಚಿನಿಂದ ಅಂಚಿಗೆ ದಾರ ಕಟ್ಟಿ ಅಳೆದರೆ ಗೊತ್ತಾಗುತ್ತದೆ. ಒಂದು ಕಡೆ ಗುಡ್ಡ, ಒಂದು ಕಡೆ ಇಳಿಜಾರು ಇದ್ದರೆ ನಡು ಎತ್ತರಿಸುವ ಬದಲು ಇಡೀ ದಾರಿಯನ್ನು ಒಂದೇ ಕಡೆಗೆ ವಾಲಿಸಬಹುದು. ತಳದ ಮಣ್ಣಿಗೂ ಇದೇ ಆಕಾರ ಕೊಡಿ, ಬರೀ ಮೇಲಿನ ಗ್ರಾವೆಲ್‌ಗಲ್ಲ.

ನಮ್ ಕಡೆ ಎರಿ ಹೊಲ ಅದಾವ್ರಿ. ಎಷ್ಟ್ ಗರಸ್ ಹಾಕಿದ್ರೂ ನುಂಗ್ತದ. ಏನ್ ಮಾಡೋಣ್ರಿ?

ಗದಗ, ಧಾರವಾಡ, ವಿಜಯಪುರ, ರಾಯಚೂರು, ಕಲಬುರಗಿ ಕಡೆಯವರ ದೊಡ್ಡ ಗೋಳು ಇದು. ಎರೆ ಮಣ್ಣು ನೆನೆದಾಗ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ನೆನೆದಾಗ ಅದಕ್ಕೆ ಭಾರ ಹೊರುವ ಶಕ್ತಿ ಇಲ್ಲವೇ ಇಲ್ಲ ಅನ್ನಬಹುದು. ನೇರವಾಗಿ ದಪ್ಪ ಜಲ್ಲಿ ಹಾಕಿದರೆ ಒಂದೊಂದು ಕಲ್ಲೂ ಕೆಳಗೆ ಇಳಿಯುತ್ತದೆ, ಸಂದಿಯಲ್ಲಿ ಕೆಸರು ಮೇಲೆ ಬರುತ್ತದೆ.

ಮೊದಲು ದಾರಿಯನ್ನು ಹೊಲದ ಮಟ್ಟದಿಂದ ಮೇಲೆತ್ತಬೇಕು, ಎರಡೂ ಕಡೆ ಕಾಲುವೆ ಬೇಕು. ಕಾಲುವೆಯಿಂದ ತೆಗೆದ ಎರೆ ಮಣ್ಣನ್ನು ದಾರಿಯ ಮೇಲೆ ಹಾಕುವ ಆಸೆ ಬಿಡಿ. ತಳಕ್ಕೆ ಸಣ್ಣ ಗರಸು ಅಥವಾ ಮರಳಿನ ಪದರ, ಅದರ ಮೇಲೆ ದಪ್ಪನೆಯದು. ಒಟ್ಟು ದಪ್ಪ 20ರಿಂದ 30 ಸೆಂಟಿಮೀಟರ್ ಬೇಕಾಗುತ್ತದೆ. ಕೆಂಪು ಮಣ್ಣಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕೈಯಲ್ಲಿ ದುಡ್ಡಿದ್ದರೆ ಎರೆ ಮತ್ತು ಗರಸಿನ ನಡುವೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಬಹುದು. ಅದು ನೀರು ಬಿಡುತ್ತದೆ, ಕೆಸರು ಮೇಲೆ ಬರಲು ಬಿಡುವುದಿಲ್ಲ. ಪ್ಲಾಸ್ಟಿಕ್ ತಾಡಪಾಲು ಅದಕ್ಕೆ ಬದಲಿ ಅಲ್ಲ. ಮೇಲಿನ 15 ಸೆಂಟಿಮೀಟರ್ ಎರೆಗೆ ತೂಕದ ಲೆಕ್ಕದಲ್ಲಿ ನೂರಕ್ಕೆ ಮೂರರಿಂದ ಐದು ಭಾಗ ಸುಣ್ಣ ಬೆರೆಸಿ ಅದುಮುವ ಪದ್ಧತಿಯೂ ಇದೆ. ಕೈ, ಕಣ್ಣು ಜೋಪಾನ. ಇದೆಲ್ಲ ಬೇಸಿಗೆಯಲ್ಲೇ ಆಗಬೇಕು.

ನಮ್ಮಲ್ಲಿ ಗುಡ್ಡೆ ಇಳಿಜಾರು ಮಾರಾಯ್ರೇ. ಒಂದು ಮಳೆಗಾಲಕ್ಕೇ ಎಲ್ಲ ತೋಡಿಗೆ ಹೋಗ್ತದೆ.

ಹತ್ತು ಅಡಿಗೆ ಒಂದು ಅಡಿಗಿಂತ ಜಾಸ್ತಿ ಇಳಿಯುವ ಕಡೆ, ಕರಾವಳಿ ಮಳೆಗೆ, ಗ್ರಾವೆಲ್ ನಿಲ್ಲುವುದು ಕಷ್ಟ. ನೀರಿಗೆ ಓಡುವಷ್ಟು ಉದ್ದ ಸಿಗಬಾರದು. ದಾರಿಗೆ ಓರೆಯಾಗಿ ಅಲ್ಲಲ್ಲಿ ಅಡ್ಡ ಏರಿ ಹಾಕಿ, ನೀರನ್ನು ಪಕ್ಕಕ್ಕೆ ತಿರುಗಿಸಿ. ಇಳಿಜಾರು ಕಡಿದಾದಷ್ಟೂ ಏರಿಗಳು ಹತ್ತಿರ ಹತ್ತಿರ ಇರಲಿ. ನೀರು ಬೀಳುವ ಜಾಗಕ್ಕೆ ನಾಲ್ಕು ದೊಡ್ಡ ಮುರಕಲ್ಲು ಹಾಕದಿದ್ದರೆ ಅಲ್ಲೇ ಹೊಸ ಕೊರಕಲು. ಪಕ್ಕದವರ ಅಡಿಕೆ ತೋಟಕ್ಕೆ ನೀರು ಬಿಡುವ ಮೊದಲು ಅವರನ್ನು ಕೇಳಿ.

ತೀರಾ ಕಡಿದಾದ ತುಂಡಿಗೆ ಗ್ರಾವೆಲ್ ಆಸೆ ಬಿಟ್ಟು, ಚಕ್ರ ಹೋಗುವ ಜಾಗಕ್ಕೆ ಮಾತ್ರ ಎರಡು ಅಡಿ ಅಗಲದ ಎರಡು ಕಾಂಕ್ರೀಟ್ ಪಟ್ಟಿ ಹಾಕಿಸಿ. ಮೇಲ್ಮೈ ನಯ ಮಾಡದೆ ಕಡ್ಡಿ ಪೊರಕೆಯಲ್ಲಿ ಅಡ್ಡ ಗೆರೆ ಎಳೆಸಿ, ಹಿಡಿತ ಸಿಗುತ್ತದೆ. ಇಡೀ ಅಗಲದ ಕಾಂಕ್ರೀಟಿಗೆ ಹೋಲಿಸಿದರೆ ಅರ್ಧಕ್ಕಿಂತ ಕಮ್ಮಿ ಮಾಲು.

ದಾರಿ ಅಡ್ಡಕ್ಕೆ ಸಿಮೆಂಟ್ ಪೈಪ್ ಹಾಕ್ತಿದ್ದೀವಿ. ಎಷ್ಟು ದಪ್ಪದ್ದು?

ಚಿಕ್ಕದು ಹಾಕಿ ಪಶ್ಚಾತ್ತಾಪ ಪಡುವವರೇ ಜಾಸ್ತಿ. ಒಂದು ಅಡಿಯದ್ದು ಎಲೆ, ಹೆಡಲು ಸಿಕ್ಕಿ ಕಟ್ಟಿಕೊಳ್ಳುತ್ತದೆ. ಒಂದೂವರೆ ಅಡಿ, ಸಾಧ್ಯವಾದರೆ ಎರಡು ಅಡಿಯದ್ದು ಹಾಕಿ. ರಸ್ತೆಯ ಭಾರ ತಡೆಯುವ ಎನ್‌ಪಿ3 ದರ್ಜೆಯ ಪೈಪ್ ಕೇಳಿ. ಪೈಪಿನ ಮೇಲೆ ಒಂದೂವರೆ ಅಡಿ ಮಣ್ಣು ಇರಲಿ, ಎರಡೂ ಬಾಯಿಗೆ ಕಲ್ಲು ಕಟ್ಟಿಸಿ.

## ಹಾಕಿದ ಮೇಲೆ

ಪಕ್ಕದ ಗದ್ದೆಯವರು ಕೇಜ್ ವೀಲ್ ಹಾಕಿಕೊಂಡೇ ಹೋಗ್ತಾರೆ. ಹೇಳಿದರೆ ಬೇಜಾರು.

ಕೇಜ್ ವೀಲ್, ಅಂದರೆ ಕೆಸರು ಗದ್ದೆಗೆ ಹಾಕುವ ಕಬ್ಬಿಣದ ಚಕ್ರ, ಒಂದು ಸಲ ಹೋದರೂ ಮೇಲ್ಪದರ ಕಿತ್ತು ಬರುತ್ತದೆ. ಬೇಜಾರಾದರೂ ಹೇಳಲೇಬೇಕು, ಆದರೆ ಕೆಲಸದ ಮೊದಲೇ ಹೇಳಿ. ಖರ್ಚಿನಲ್ಲಿ ಅವರದ್ದೂ ಪಾಲಿದ್ದರೆ ಗದ್ದೆ ಬದಿಯಲ್ಲೇ ಬಿಚ್ಚುತ್ತಾರೆ. ಪಾಲು ಹಾಕುವಾಗ ಎಕರೆ ಲೆಕ್ಕಕ್ಕಿಂತ ದಾರಿಯ ಉದ್ದದ ಲೆಕ್ಕ ನ್ಯಾಯ ಅನ್ನಿಸುತ್ತದೆ. ಕೊನೆಯ ತೋಟದವರು ಇಡೀ ದಾರಿ ಬಳಸುತ್ತಾರೆ, ಮೊದಲಿನವರು ಒಂದು ತುಂಡು.

ದಾರಿ ನಮ್ಮ ಜಮೀನಲ್ಲಿದೆ ಅಂತ ಒಬ್ಬರು ತಕರಾರು ತೆಗೆದಿದ್ದಾರೆ. ಪಂಚಾಯಿತಿಯಿಂದ ಮಾಡಿಸೋಕೆ ಆಗಲ್ವಾ?

ಮೊದಲು ಗ್ರಾಮ ನಕಾಶೆ ತೆಗೆಸಿ. ಬಂಡಿ ದಾರಿ ಅದರಲ್ಲಿದ್ದರೆ ತಹಶೀಲ್ದಾರ್‌ಗೆ ಅರ್ಜಿ ಕೊಟ್ಟು ಅಳತೆ ಮಾಡಿಸಬಹುದು. ನಕಾಶೆಯಲ್ಲಿ ಇಲ್ಲದಿದ್ದರೂ 1882ರ ಈಸ್‌ಮೆಂಟ್ ಕಾಯ್ದೆ ಪ್ರಕಾರ 20 ವರ್ಷ ಹಕ್ಕಿನಿಂದ, ತಡೆಯಿಲ್ಲದೆ ಓಡಾಡಿದ್ದರೆ ವಾದಕ್ಕೆ ಆಧಾರ ಇದೆ. ಅದು ಕೋರ್ಟಿನ ಮಾತು, ವಕೀಲರನ್ನು ಕೇಳಿ. ಹೊಲದ ದಾರಿಗೆ ನರೇಗಾದಲ್ಲಿ 'ನಮ್ಮ ಹೊಲ ನಮ್ಮ ದಾರಿ' ಹೆಸರಲ್ಲಿ ಕೆಲಸಗಳು ನಡೆದಿವೆ. ಈಗ ಏನಿದೆ ಅಂತ ಪಿಡಿಒ ಅವರನ್ನು ಕೇಳಿ, ಗ್ರಾಮಸಭೆಯಲ್ಲಿ ಬರೆಸಿ. ತಕರಾರು ಇರುವಾಗ ಗ್ರಾವೆಲ್ ಹಾಕಲು ಮಾತ್ರ ಹೋಗಬೇಡಿ.

ಬೇಸಿಗೆಯಲ್ಲಿ ದಾರಿ ಉದ್ದಕ್ಕೂ ಅಡ್ಡಡ್ಡ ಗೆರೆ ಬಿದ್ದು ಬೈಕು ಗಡಗಡ ಅಂತದೆ. ಮೇಲೆ ಇನ್ನೊಂದು ಪದರ ಹಾಕಲಾ?

ಬೇಡ, ಅದರಲ್ಲೂ ಅದೇ ಗೆರೆ ಬೀಳುತ್ತದೆ. ಅಂಟು ಕಮ್ಮಿ ಇರುವ ಒಣ ಗ್ರಾವೆಲ್ ಮೇಲೆ ಗಾಡಿ ಜೋರಾಗಿ ಓಡಿದಾಗ ಹೀಗಾಗುತ್ತದೆ. ಒಂದು ಮಳೆ ಬಿದ್ದ ಮರುದಿನ, ಗೆರೆಯ ತಳದವರೆಗೆ ಕೆದರಿ, ಸ್ವಲ್ಪ ಜೇಡಿ ಮಣ್ಣು ಬೆರೆಸಿ, ಮತ್ತೆ ಆಕಾರ ಕೊಟ್ಟು ಅದುಮಿ.

ವರ್ಷಾ ವರ್ಷ ಹೊಸ ಗ್ರಾವೆಲ್ ಬೇಕಾ?

ಗ್ರಾವೆಲ್ ಬೇಕಾಗದೇ ಇರಬಹುದು, ಬ್ಲೇಡ್ ಬೇಕೇ ಬೇಕು. ವರ್ಷಕ್ಕೆ ಎರಡು ಸಲ, ಮಳೆಗೆ ಮುಂಚೆ ಒಂದು, ಮಳೆ ಮುಗಿದ ಮೇಲೆ ಒಂದು. ಅಂಚಿಗೆ ಸರಿದ ಗ್ರಾವೆಲ್ ನಡುವಿಗೆ ಎಳೆದರೆ ಅರ್ಧ ಮಾಲು ಅಲ್ಲೇ ಸಿಗುತ್ತದೆ. ಮಳೆಗಾಲದಲ್ಲಿ ಜೋರು ಮಳೆ ಬರುವಾಗ ಕೊಡೆ, ಸಲಿಕೆ ಹಿಡಿದು ಒಮ್ಮೆ ದಾರಿಯ ಉದ್ದಕ್ಕೂ ನಡೆಯಿರಿ. ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಚಕ್ರದ ಜಾಡು ಹಿಡಿದು ಓಡುತ್ತದೆ ಅಂತ ಆಗಲೇ ಕಾಣುವುದು. ಅಂಚಿಗೆ ಎರಡು ಸಲಿಕೆ ಹಾಕಿ ಅದನ್ನು ಹೊರಗೆ ಬಿಡಿ. ಕಡಿಯಲು ಆಗದ ಕಡೆ ಒಂದು ಗೂಟ ನೆಟ್ಟು ಬನ್ನಿ, ಡಿಸೆಂಬರ್‌ನಲ್ಲಿ ಟ್ರ್ಯಾಕ್ಟರ್ ಬಂದಾಗ ಅಲ್ಲಿಂದಲೇ ಶುರು ಮಾಡಿಸಿ.